ಕುರ್ಚಿ ವ್ಯಾಪಾರಿ

...ನಗ್ಬೇಡ ಅಂದೆ ನಾನು. ಎಷ್ಟು ಸಲ ಹೇಳೋದು?

ಕೈ ಹಿಂದಕ್ಕೆ ಕಟ್ಟಿದ್ದೀನಿ. ವಿಮಾನದ ಕೊನೇ ಸಾಲಿಗೆ ಎಳ್ಕೊಂಡು ಬಂದು ಕಿಟಕಿ ಪಕ್ಕ ಕೂರಿಸಿದ್ದೀನಿ. ಮುಂದಿನ ಎರಡು ಸಾಲು ಖಾಲಿ ಮಾಡ್ಸಿದ್ದೀನಿ. ಪರದೆ ಎಳ್ಸಿದ್ದೀನಿ. ಆದ್ರೂ ನಗು! ಹೀ... ಹೀ... ಅಂತ. ಸೀಟಿ ಊದಿದ ಹಾಗೆ. ಏನಯ್ಯಾ ಅಂಥ ತಮಾಷೆ ಕಂಡಿದ್ದು ನಿನಗೆ?

ತಲೆ ಎತ್ಬೇಡ. ಬಗ್ಗು. ಇನ್ನೂ ಬಗ್ಗು. ಹಣೆ ಮಂಡಿಗೆ ತಾಗ್ಬೇಕು. ಹಾಂ... ಹಾಗೆ. ನನ್ನ ಕೈ ಭಾರ ಅನ್ಸುತ್ತಾ ಕತ್ತಿನ ಮೇಲೆ? ಅನ್ಸಲಿ. ಈ ಕೈಗೆ ಇಷ್ಟು ವರ್ಷ ಕೆಲಸ ಇರ್ಲಿಲ್ಲ.

ಕಾಲು ಬಡೀಬೇಡ. ಮುಂದೆ ಮಕ್ಕಳುಮರಿ ಕೂತಿದ್ದಾರೆ, ಹೆದರ್ಕೋತಾರೆ.

ಏನು? ಬಾಯಿಬಿಟ್ಟು ಹೇಳು. ಬಾಯಿಗೇನು ಬಟ್ಟೆ ತುರುಕಿದ್ದೀನಾ ನಾನು? ಆಗ ಪಕ್ಕದಲ್ಲಿ ಕೂತು ನಾಲಿಗೆಗೆ ಬಿಡುವೇ ಕೊಡ್ಲಿಲ್ಲ. ಈಗ ಮಾತಾಡಪ್ಪ ಅಂದ್ರೆ ತಲೆ ಎತ್ತಿ ಗಲ್ಲದಲ್ಲಿ ನನ್ನ ಜೇಬು ತೋರಿಸ್ತೀಯ. ಜೇಬಲ್ಲಿ ಏನಿದೆ? ನಿನ್ನ ಕೈಯಿಂದ ಕಿತ್ಕೊಂಡ ಡಬ್ಬಿ ಇದೆ. ನೀಲಿ ಡಬ್ಬಿ. ಅದೇನೋ ಯಾರಿಗೆ ಗೊತ್ತು? ಒತ್ತಿದ್ರೆ ಏನೋ ಚಿಮ್ಮೋ ಹಾಗಿದೆ. ವಿಷ ಇರಬಹುದು. ಬೆಂಕಿ ಹತ್ತೋ ಅಂಥದ್ದು ಇರಬಹುದು. ಇಳಿದ ಮೇಲೆ ಪೊಲೀಸರು ನೋಡ್ಕೋತಾರೆ. ಅಲ್ಲೀವರೆಗೂ ನನ್ನ ಜೇಬಲ್ಲೇ.

ಬಗ್ಗು ಅಂದೆ!

...ಹಾಂ. ಈಗ ಕೇಳು. ಆಗ ಕೇಳಿದೆಯಲ್ಲ, 'ತಮ್ಮದು ಏನು ಕೆಲಸ ಸಾರ್' ಅಂತ. ಈಗ ಹೇಳ್ತೀನಿ. ಆಗ ಸುಳ್ಳು ಹೇಳಿದ್ದೆ. ಸುಳ್ಳು ಹೇಳೋದೂ ನನ್ನ ಕೆಲಸವೇ.

ಏರ್ ಮಾರ್ಷಲ್ ಅಂತಾರೆ ನಮಗೆ. ಯಾಕೆ ಅಲ್ಲಾಡ್ತೀಯ? ವಾಯುಪಡೆಯ ದೊಡ್ಡ ಅಧಿಕಾರಿ ಅನ್ಕೊಂಡ್ಯಾ? ಎದೆ ತುಂಬ ಪದಕ, ಎದ್ದರೆ ಸಲಾಮು, ಕೂತರೆ ಸಲಾಮು? ಅವರು ಬೇರೆ. ನಮಗೆ ಸಮವಸ್ತ್ರವೂ ಇಲ್ಲ. ನಿನ್ನ ಹಾಗೇ ಒಂದು ಅಂಗಿ, ಒಂದು ಪ್ಯಾಂಟು. ಸೊಂಟದಲ್ಲಿ ಪಿಸ್ತೂಲು. ಎಲ್ಲರಿಗಿಂತ ಮೊದ್ಲು ಹತ್ತೋದು, ಎಲ್ಲರಿಗಿಂತ ಕೊನೇಲಿ ಇಳಿಯೋದು. ಪೈಲಟ್‌ಗೆ ಗೊತ್ತು, ಗಗನಸಖಿಯರಿಗೆ ಗೊತ್ತು. ಇನ್ನೊಂದು ನರಪಿಳ್ಳೆಗೂ ಗೊತ್ತಾಗಬಾರದು.

ಕೆಲಸ ಏನು ಗೊತ್ತಾ? ಕೂರೋದು.

ಅಷ್ಟೇ. ಕೂರೋದು. ಮುಂದೆ ಒಂದು ಬಾಗಿಲಿದೆಯಲ್ಲ, ಪೈಲಟ್ ಕೋಣೆದು? ಅದನ್ನ ಕಾಯೋದು. ಪ್ರಯಾಣಿಕರನ್ನಲ್ಲ. ನಿನ್ನನ್ನೂ ಅಲ್ಲ, ಮುಂದೆ ಕೂಸು ಎತ್ಕೊಂಡು ಕೂತಿರೋ ತಾಯೀನೂ ಅಲ್ಲ. ಬಾಗಿಲು. ಪತ್ರಿಕೆ ಹಿಡ್ಕೊಂಡಿರಬೇಕು, ಓದಬಾರದು. ಕಣ್ಣು ಮುಚ್ಚಬಾರದು. ಕುಡಿಯೋ ಹಾಗಿಲ್ಲ, ಕಿವಿಗೆ ಹಾಡು ಹಾಕ್ಕೊಳ್ಳೋ ಹಾಗಿಲ್ಲ, ಪಕ್ಕದವನ ಹತ್ತಿರ ಸ್ನೇಹ ಮಾಡೋ ಹಾಗಿಲ್ಲ. ಮುಖ ನೋಡಲ್ಲ ನಾವು. ಮುಖ ಸುಳ್ಳು ಹೇಳುತ್ತೆ. ಕೈ ನೋಡ್ತೀವಿ. ಯಾರ ಕೈ ಎಲ್ಲಿ ಹೋಯ್ತು, ಯಾವ ಜೇಬಿಗೆ ಹೋಯ್ತು, ಏನು ತಗೊಂಡು ಬಂತು... ಒಂದು ಕೈಯೂ ನನ್ನ ಕಣ್ಣು ತಪ್ಪಿಸಿಲ್ಲ ಇದುವರೆಗೆ.

ಮತ್ತೆ ನಗು! ಕೂರೋ ಕೆಲಸ ಅಂತ ತಾನೇ?

ಕೇಳಿಲ್ಲಿ. ಇನ್ನೊಂದು ನಿಯಮ ಇದೆ. ಮೊದಲ ಗಲಾಟೆಗೆ ಏಳಬಾರದು. ಯಾಕೆ ಅಂತ ಕೇಳು. ಕೇಳಲ್ವಾ? ನಾನೇ ಹೇಳ್ತೀನಿ. ಮೊದಲ ಗಲಾಟೆ ಗಾಳ. ಒಬ್ಬ ಕಿರಿಚ್ತಾನೆ, ಬೀಳ್ತಾನೆ, ಹೊಡೆದಾಡ್ತಾನೆ. ನಾವು ಎದ್ದು ಹೋಗ್ತೀವಿ. ನಾವು ಯಾರು ಅಂತ ಇಡೀ ವಿಮಾನಕ್ಕೆ ಗೊತ್ತಾಗುತ್ತೆ. ಆಗ ಹಿಂದಿನಿಂದ ಇನ್ನೊಬ್ಬ ಎದ್ದು ಬರ್ತಾನೆ. ನಿಜವಾದವನು. ಅದಕ್ಕೇ, ಬಾಗಿಲಿಗೆ ಕೈ ಹಾಕೋವರೆಗೂ ಕಲ್ಲಿನ ಹಾಗೆ ಕೂತಿರಬೇಕು.

ಒಂದ್ಸಲ ಏನಾಯ್ತು ಗೊತ್ತಾ? ನನ್ನ ಮುಂದಿನ ಸಾಲಲ್ಲೇ ಗಂಡ ಹೆಂಡತಿ. ಅವನು ಕುಡಿದಿದ್ದ. ದಾರಿಯುದ್ದಕ್ಕೂ ಅವಳಿಗೆ ತಿವೀತಿದ್ದ. ಮೊಣಕೈಲಿ, ಪಕ್ಕೆಗೆ. ಯಾರಿಗೂ ಕಾಣದ ಹಾಗೆ. ನನಗೆ ಕಾಣ್ತಿತ್ತು. ಕೈ ನೋಡೋನಲ್ವಾ ನಾನು? ಅವಳು ಸೀಟಿನ ಸಂದಿಯಿಂದ ತಿರುಗಿ, 'ಅಣ್ಣಾ, ನೀವಾದ್ರೂ ಒಂದು ಮಾತು ಹೇಳಿ' ಅಂದ್ಲು. ನಾನು ಪತ್ರಿಕೆ ಹಾಳೆ ತಿರುಗಿಸಿದೆ. 'ನಿಮ್ಮನೆ ವಿಷಯ ನೀವು ನೋಡ್ಕೊಳ್ಳಮ್ಮ' ಅಂದೆ. ಆಮೇಲೆ ಅವಳು ತಿರುಗ್ಲಿಲ್ಲ. ಇಳಿಯೋವಾಗ ಸೆರಗಲ್ಲಿ ಬಾಯಿ ಮುಚ್ಕೊಂಡಿದ್ಲು.

ಏಳ್ಲಿಲ್ಲ ನಾನು. ಯಾವತ್ತೂ ಎದ್ದಿಲ್ಲ. ಅದಕ್ಕೆ ಏನು ಬೇಕು ಗೊತ್ತಾ? ಎದೆಯಲ್ಲಿ ಕಲ್ಲು ಬೇಕು.

...ಯಾರದು? ಏನಮ್ಮಾ? ಪರದೆ ಯಾಕೆ ಸರಿಸ್ದೆ?... ಇಲ್ಲ ತಾಯಿ, ಆರಾಮಾಗಿದ್ದಾನೆ. ಕೇಳಿಸ್ತಿಲ್ವಾ, ನಗ್ತಿದ್ದಾನೆ... ನೀರಾ? ಬೇಡ. ಮುಖಕ್ಕೆ ಉಗೀತಾನೆ... ಡಾಕ್ಟರಾ? ಯಾರಾದ್ರೂ ಡಾಕ್ಟರ್ ಇದ್ದಾರಾ ಅಂತ ಮೈಕಲ್ಲಿ ಕೂಗ್ತೀಯಾ? ಹುಚ್ಚು ಹುಡುಗಿ. ಡಾಕ್ಟರ್ ಅಂತ ಹೇಳ್ಕೊಂಡು ಇವನ ಜೊತೆಯವನೇ ಎದ್ದು ಬಂದ್ರೆ? ಪೈಲಟ್ ಕೇಳಿದ್ರೆ ಹೇಳು, ಎಲ್ಲ ನನ್ನ ಹತೋಟೀಲಿದೆ ಅಂತ. ಹೋಗು. ಪರದೆ ಎಳಿ.

ಒಳ್ಳೇ ಹುಡುಗಿ. ಮರುಗುತ್ತಾಳೆ ನಿನಗೆ. ನೋಡಿದ್ಯಾ, ಹೇಗೆ ನಾಟಕ ಆಡ್ತೀಯ ನೀನು! ಅವಳು ಬಂದ ತಕ್ಷಣ ಕಣ್ಣು ಮೇಲಕ್ಕೆ ತಿರುಗ್ಸಿದೆ.

ಬೆರಳು ಯಾಕೆ ಹೀಗೆ ಚಾಚ್ತೀಯ? ಪಟ್ಟಿ ಬಿಗಿಯಾಯ್ತಾ? ಪ್ಲಾಸ್ಟಿಕ್ ಪಟ್ಟಿ ಅದು, ಎಳೆದಷ್ಟೂ ಬಿಗಿಯುತ್ತೆ. ಎಳೀಬೇಡ. ಉಗುರು ನೀಲಿಯಾಗಿದೆ. ಆಗುತ್ತೆ. ಎಲ್ಲರಿಗೂ ಆಗುತ್ತೆ.

ಎಲ್ಲರಿಗೂ ಅಂದ್ನಾ? ಯಾರಿಗೆ ಕಟ್ಟಿದ್ದೀನಿ ನಾನು! ನೀನೇ ಮೊದಲನೆಯವನು. ತರಬೇತೀಲಿ ಒಬ್ಬರಿಗೊಬ್ಬರು ಕಟ್ಕೋತಿದ್ವಿ, ಅಷ್ಟೇ. ಎಷ್ಟು ವರ್ಷದಿಂದ ಈ ಪಟ್ಟಿ ಜೇಬಲ್ಲಿ ಇಟ್ಕೊಂಡು ಓಡಾಡಿದ್ದೀನಿ! ಹೆಂಡತಿ ಬಟ್ಟೆ ಒಗೆಯೋವಾಗ ತೆಗೆದಿಟ್ಟು, 'ಇದರಲ್ಲಿ ಮೂಟೆ ಬಾಯಿ ಕಟ್ಕೋಬಹುದಲ್ವಾ, ಹೇಗೂ ನಿಮಗೆ ಕೆಲಸಕ್ಕೆ ಬರಲ್ಲ' ಅನ್ನೋಳು.

ಅವಳೊಬ್ಬಳಿಗೆ ಮಾತ್ರ ಗೊತ್ತು ನನ್ನ ಕೆಲಸ. ದಿನಾ ಬಾಗಿಲು ತೆಗೆದು ಒಂದೇ ಪ್ರಶ್ನೆ. 'ಇವತ್ತು ಏನಾಯ್ತು?' ನಂದು ಒಂದೇ ಉತ್ತರ. 'ಏನೂ ಆಗ್ಲಿಲ್ಲ.' ಮೊದಮೊದಲು, 'ಸದ್ಯ' ಅಂತ ಎದೆ ಮೇಲೆ ಕೈ ಇಟ್ಕೊಳ್ಳೋಳು. ಆಮೇಲೆ, 'ಹೌದಾ' ಅನ್ನೋಕೆ ಶುರು ಮಾಡಿದ್ಲು. ಈಗ? ಈಗ ನಾನು ಉತ್ತರ ಕೊಡೋ ಹೊತ್ತಿಗೆ ಅವಳು ಅಡುಗೆಮನೆ ಸೇರಿರ್ತಾಳೆ.

ಮಗಳ ಗಂಡ ಇದ್ದಾನೆ. ನಾನು ಕುರ್ಚಿ ವ್ಯಾಪಾರಿ ಅಂತ ನಂಬಿದ್ದಾನೆ. ಊಟಕ್ಕೆ ಕೂತಾಗೆಲ್ಲ ಅದೇ. 'ಮಾವ, ಜನ್ಮವೆಲ್ಲ ಕುರ್ಚಿ ಮಾರಿದ್ರಿ, ಅಳಿಯನ ಮನೆಗೆ ಒಂದು ಮುಕ್ಕಾಲಿ ತಂದ್ಕೊಡ್ಲಿಲ್ಲ!' ಎಲ್ಲರೂ ನಗ್ತಾರೆ. ನನ್ನ ಹೆಂಡತೀನೂ. ಗೊತ್ತಿದ್ದೂ ನಗ್ತಾಳೆ!

ನೀನು ನಕ್ಕಿದ್ದೂ ಅದಕ್ಕೇ.

ಜ್ಞಾಪಕ ಇದೆಯಾ? ಆಗ ನಾವಿಬ್ಬರೂ ನೀವು ತಾವು ಅಂತಿದ್ವಿ. ನಾನೇನು ಮಾತಿಗೆ ಕರೆದಿರ್ಲಿಲ್ಲ ನಿನ್ನ. ಪತ್ರಿಕೆ ಮುಖಕ್ಕೆ ಅಡ್ಡ ಹಿಡಿದಿದ್ದೆ. ನೀನೇ ಬೆರಳಲ್ಲಿ ಪತ್ರಿಕೆ ಬಗ್ಗಿಸಿ, 'ತಮ್ಮದು ಏನು ಕೆಲಸ ಸಾರ್?' ಅಂದೆ. ಕುರ್ಚಿ ವ್ಯಾಪಾರ ಅಂದೆ ನಾನು. ಇಷ್ಟು ವರ್ಷ ಎಲ್ಲರೂ ಅಲ್ಲಿಗೆ ಸುಮ್ಮನಾಗಿದ್ದಾರೆ. ಕುರ್ಚಿ ಅಂದ ಮೇಲೆ ಯಾರು ಏನು ಕೇಳ್ತಾರೆ? ಅದಕ್ಕೇ ಆರಿಸ್ಕೊಂಡಿದ್ದು ಆ ಸುಳ್ಳನ್ನ. ನೀನು ಕುಣಿದುಬಿಟ್ಟೆ. 'ಅಯ್ಯೋ, ಹುಡುಕ್ತಿದ್ದ ಬಳ್ಳಿ ಕಾಲಿಗೇ ಸಿಕ್ತು ಸಾರ್! ಸಭಾಂಗಣ ಕಟ್ಟಿಸ್ತಿದ್ದೀನಿ. ರಾಶಿ ಕುರ್ಚಿ ಬೇಕು. ಮಡಚೋದು ಒಳ್ಳೇದಾ, ಒಂದರ ಮೇಲೊಂದು ಪೇರಿಸೋದು ಒಳ್ಳೇದಾ?'

'ಎರಡೂ ಒಳ್ಳೇದು' ಅಂದೆ.

'ಒಂದಕ್ಕೆ ಎಷ್ಟು ಬೀಳುತ್ತೆ?'

ನನಗೇನು ಗೊತ್ತು ಕುರ್ಚಿ ಬೆಲೆ! ಬಾಯಿಗೆ ಬಂದದ್ದು ಹೇಳಿದೆ. ನೀನು ಬಿಟ್ಟ ಬಾಯಿ ಮುಚ್ಚದೆ ನೋಡಿದೆ. ಆಮೇಲೆ ಶುರುವಾಯ್ತು ನೋಡು. 'ಸಾರ್, ಆ ದುಡ್ಡಿಗೆ ಸಿಂಹಾಸನ ಬರುತ್ತೆ! ಕಿರೀಟ ಬೇರೆ ಪುಕ್ಕಟೆ!' ತೊಡೆ ತಟ್ಕೊಂಡು ನಕ್ಕೆ. ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕೆ. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದ್ರು. ಅಷ್ಟಕ್ಕೆ ಬಿಟ್ಯಾ? ಇಲ್ಲ. 'ನೀವು ಕುರ್ಚಿ ಮಾರೋರಲ್ಲ ಬಿಡಿ ಸಾರ್. ನೀವು ಕುರ್ಚೀಲಿ ಕೂರೋರು!'

ಕುರ್ಚೀಲಿ ಕೂರೋನು.

ಬೇರೆ ಯಾವ ಮಾತಾದ್ರೂ ನಾನು ನುಂಗ್ಕೋತಿದ್ದೆ ಕಣಯ್ಯ.

ನಕ್ಕು ನಕ್ಕು ಎದೆ ಹಿಡ್ಕೊಂಡೆ ನೀನು. ಕೆಮ್ಮಿದೆ. ಆಮೇಲೆ... ಆಮೇಲೆ ಏನಿಲ್ಲ. ಸುಮ್ಮನಾದೆ. ಕಣ್ಣೊರೆಸ್ಕೊಂಡು, 'ತಪ್ಪು ತಿಳ್ಕೋಬೇಡಿ ಸಾರ್, ನಾನು ಇರೋದೇ ಹೀಗೆ, ನಿಲ್ದಾಣಕ್ಕೆ ಮಗಳು ಬಂದಿರ್ತಾಳೆ, ಅವಳೂ ಬೈತಾಳೆ ನನ್ನ ನಗೂಗೆ' ಅಂದೆ. ಹೂಂ ಅಂದೆ ನಾನು.

ಬಂದಿರ್ತಾಳೆ ಪಾಪ. ಕಾಯಲಿ.

ಹೂಂ? ಏನು? ಮಗಳ ಸುದ್ದಿ ಎತ್ತಿದ್ರೆ ಮೈಯೆಲ್ಲ ಎಳೀತೀಯಲ್ಲ. ಬಗ್ಗು. ಉಸಿರಾಡೋಕೆ ಮೂಗಿದೆ. ಮೂಗಲ್ಲಿ ಆಡು. ಬಾಯಿ ತೆಗೆದ್ರೆ ಮತ್ತೆ ಹೀ ಹೀ ಅಂತ ಶುರು ನಿಂದು.

ಈಗ ಕಮ್ಮಿಯಾಗಿದೆ. ನೋಡಿದ್ಯಾ? ಒಂದೊಂದೇ. ಕಮ್ಮಿಯಾಗ್ಲಿ.

ಆಮೇಲೆ ನೀನು ಎದ್ದೆ. 'ಸ್ವಲ್ಪ ಕಾಲು ಸರಿಸಿ ಸಾರ್' ಅಂದೆ. ಮುಖ ಒಂಥರಾ ಇತ್ತು. ನಡಿಗೆ ನೆಟ್ಟಗಿರ್ಲಿಲ್ಲ. ಮುಂದಕ್ಕೆ ಹೋದೆ. ನೆಟ್ಟಗೆ ಪೈಲಟ್ ಬಾಗಿಲ ಹತ್ತಿರ. ಹಿಡಿಕೆ ಹಿಡಿದು ಎಳೆದೆ. ಒಂದು ಸಲ. ಎರಡು ಸಲ.

ಹಾಂ, ತಲೆ ಅಲ್ಲಾಡಿಸು. ಗೊತ್ತು ನೀನು ಏನು ಹೇಳ್ತೀಯ ಅಂತ. ಪಾಯಿಖಾನೆ ಅನ್ಕೊಂಡೆ ಅಂತೀಯ. ಎಲ್ಲರೂ ಅದನ್ನೇ ಅನ್ನೋದು. ಮುದುಕರು ಎಳೀತಾರೆ, ಮಕ್ಕಳು ಎಳೀತಾರೆ, ನಿದ್ದೆಗಣ್ಣಲ್ಲಿ ಎದ್ದೋರು ಎಳೀತಾರೆ. ಪಾಯಿಖಾನೆ ಬಾಗಿಲೂ ಅಲ್ಲೇ ಪಕ್ಕದಲ್ಲಿ. ಗಗನಸಖಿ ಬಂದು, 'ಅದಲ್ಲ ಸಾರ್, ಇದು' ಅಂತ ತೋರಿಸ್ತಾಳೆ. ಅಷ್ಟೇ. ನಾವು ಹಾಳೆ ತಿರುಗಿಸ್ತೀವಿ.

ಅವಳು ತೋರಿಸೋಕೆ ಬಂದಿದ್ಲು. ನಿಜ. ಆದ್ರೆ ನಿನ್ನ ಕೈ ಜೇಬಿಗೆ ಹೋಯ್ತು! ಏನೋ ಹೊರಗೆ ತೆಗೆದೆ! ಇನ್ನೇನು ಮಾಡ್ಬೇಕಿತ್ತು ನಾನು? ಹೇಳು! ಮಾರ್ಷಲ್ ಆಗಿ ಏನು ಮಾಡ್ಬೇಕಿತ್ತು?

ಎದ್ದೆ.

ಅಬ್ಬಾ... ಅದು ಹೇಗಿತ್ತು ಅಂತ ಹೇಳೋಕಾಗಲ್ಲ. ಮಂಡಿ ಸದ್ದು ಮಾಡ್ತು. ಪತ್ರಿಕೆ ಕೆಳಗೆ ಬಿತ್ತು. 'ಯಾರೂ ಅಲ್ಲಾಡ್ಬೇಡಿ!' ಅಂತ ಕೂಗಿದೆ. ನನ್ನ ದನಿ ನನಗೇ ಗುರುತು ಸಿಗ್ಲಿಲ್ಲ. ಇಡೀ ವಿಮಾನ ಗಪ್‌ಚಿಪ್. ಕುರ್ಚೀಲಿ ಕೂರೋನು ಎದ್ದು ನಿಂತ! ನಿನ್ನ ಕೈ ತಿರುಚಿದಾಗ ಆ ಡಬ್ಬಿ ಬಿತ್ತು. ಎತ್ಕೊಂಡೆ. ನಿನ್ನ ಎಳ್ಕೊಂಡು ಬರೋವಾಗ ಎರಡೂ ಕಡೆ ಜನ ಕಾಲು ಒಳಗೆ ಎಳ್ಕೊಂಡ್ರು. ಒಬ್ಬ ಯಜಮಾನರು ಕೈ ಮುಗಿದ್ರು ಕಣಯ್ಯ ನನಗೆ! ಕೈ ಮುಗಿದ್ರು!

ನನ್ನ ಜೋಡಿ ಏಳ್ಲಿಲ್ಲ. ಹೌದು, ಇನ್ನೊಬ್ಬ ಇದ್ದಾನೆ. ಇಬ್ಬಿಬ್ಬರು ಹೋಗ್ತೀವಿ, ಗುರುತೇ ಇಲ್ಲದವರ ಹಾಗೆ. ಬೋಳುತಲೆಯವನು, ಎರಡನೇ ಸಾಲಲ್ಲಿ. ಅವನು ಬಾಗಿಲಿಗೆ ನನಗಿಂತ ಹತ್ತಿರ ಇದ್ದ. ಏಳ್ಲಿಲ್ಲ. ನಾನು ಏಳೋವಾಗ ನನ್ನ ಕಡೆ ನೋಡಿ ಕಿವಿ ಕೆರ್ಕೊಂಡ. ಅದು... ಬಿಡು. ಕಡೀತಿತ್ತೇನೋ.

ನಾಳೆಯಿಂದ ನಾನು ಬರಲ್ಲ. ನಿವೃತ್ತಿ. ಇದೇ ಕೊನೇ ಪ್ರಯಾಣ. ನಿನ್ನೆ ನಮ್ಮ ಸಾಹೇಬರು ಕರೆದು ಬೆನ್ನು ತಟ್ಟಿದ್ರು. 'ನಿನ್ನ ಇಡೀ ಸರ್ವೀಸಲ್ಲಿ ಒಂದು ಘಟನೆ ಇಲ್ಲಪ್ಪ. ಒಂದೇ ಒಂದು ಇಲ್ಲ. ಭೇಷ್!' ಅದು ಹೊಗಳಿಕೆ! ಒಬ್ಬ ಮನುಷ್ಯ ಬದುಕಿದ್ದಕ್ಕೆ ಗುರುತೇ ಇಲ್ಲ ಅನ್ನೋದು ಹೊಗಳಿಕೆ!

ಇವತ್ತು ಮನೆಗೆ ಹೋಗ್ತೀನಿ. ಅವಳು ಬಾಗಿಲು ತೆಗೀತಾಳೆ. 'ಇವತ್ತು ಏನಾಯ್ತು?' ಅಂತಾಳೆ. ಅಡುಗೆಮನೆ ಕಡೆ ತಿರುಗೋಕೆ ಹೋಗ್ತಾಳೆ. ಆಗ ನಾನು... ಕೈ ಹಿಡಿದು ನಿಲ್ಲಿಸ್ತೀನಿ. 'ಕೂತ್ಕೋ, ಹೇಳ್ತೀನಿ' ಅಂತೀನಿ. ಅವಳು ಕೂರ್ಬೇಕು. ನಾನು ನಿಂತು ಹೇಳ್ಬೇಕು. ಅಳಿಯನನ್ನೂ ಕರೆಸ್ತೀನಿ. ಎಲ್ಲ ಹೇಳ್ತೀನಿ. ಬಾಗಿಲು, ನೀನು, ನಿನ್ನ ಕೈ...

ಯಾಕೆ, ಸುಮ್ಮನಾದೆ?

ನಗು ಸಾಕಾಯ್ತಾ? ಹೆದರಿದೆಯಾ? ಹೆದರ್ಬೇಕು. ಹೀಗಿರ್ಬೇಕು ಮೊದಲಿಂದಲೂ.

ಈಗ ತಲೆ ಎತ್ತು. ಎತ್ಬಹುದು. ಕೈ ತೆಗೆದೆ, ಎತ್ತು.

ಎತ್ತಯ್ಯ.

ಏಯ್. ನಾಟಕ ಬೇಡ. ಇಳಿಯೋಕೆ ಶುರುವಾಗಿದೆ, ಕಿವಿ ಕಟ್ಕೊಳ್ತಿದೆ ನೋಡು. ಕಿಟಕೀಲಿ ಮನೆಗಳು ಕಾಣ್ತಿವೆ. ನಿನ್ನ ಮಗಳು ಅಲ್ಲೇ ಎಲ್ಲೋ ನಿಂತಿರ್ತಾಳೆ. ಮಗಳು ಅಂದೆ, ಕೇಳಿಸ್ತಾ? ಆಗ ಎಳೆದಾಡಿದೆಯಲ್ಲ ಮಗಳು ಅಂದಾಗ? ಎಳೆದಾಡು.

ಏಯ್... ಏಯ್ ಕುರ್ಚಿ ಕೇಳಿದೋನೆ! ಮಡಚೋದಾ, ಪೇರಿಸೋದಾ? ಹಾಂ? ಬೆಲೆ ಕಮ್ಮಿ ಮಾಡ್ತೀನಿ. ಅರ್ಧಕ್ಕೆ ಕೊಡ್ತೀನಿ. ಹೂಂ ಅನ್ನು.

ಕಣ್ಣು ಯಾಕೆ ಹೀಗೆ ಬಿಟ್ಕೊಂಡಿದ್ದೀಯ? ನನ್ನನ್ನ ನೋಡ್ಬೇಡ ಹಾಗೆ. ಎಲ್ಲರೂ ನನ್ನನ್ನೇ... ಬೇಡ. ನೋಡ್ಬೇಡ.

ತಾಳು. ತಾಳು ತಾಳು ತಾಳು. ಜೇಬಲ್ಲೇ ಇದೆ. ಇಗೋ. ಬಾಯಿ ತೆಗಿ. ಅಲ್ಲಾಡಿಸ್ಬೇಕು ಮೊದ್ಲು, ಅಲ್ವಾ? ನೀನು ಅಲ್ಲಾಡಿಸ್ಕೊಂಡೇ ಬಾಯಿಗೆ ಇಟ್ಕೊಂಡಿದ್ದು. ಮುಚ್ಚಳ ಇತ್ತು, ಹಲ್ಲಲ್ಲಿ ಕಿತ್ತೆ ನೀನು. ತಲೆ ಹಿಂದಕ್ಕೆ ಒರಗ್ಸಿ... ಹೀಗೆ. ಒಂದು. ಎಳ್ಕೋ ಒಳಗೆ! ಎಳ್ಕೋ! ಇನ್ನೊಂದು. ಆಗ್ಲೂ ಎರಡೇ ಸಲ ಒತ್ಕೊಂಡಿದ್ದು ನೀನು. ನನ್ನ ಪಕ್ಕದಲ್ಲೇ. ನಕ್ಕು ನಕ್ಕು ಎದೆ ಹಿಡ್ಕೊಂಡು, ಇದೇ ಸದ್ದು ಮಾಡ್ಕೊಂಡು, ಜೇಬಿಂದ ತೆಗೆದು ಎರಡು ಸಲ... ಎರಡು ನಿಮಿಷಕ್ಕೆ ಸರಿಹೋಗಿದ್ದೆಯಲ್ಲ! ಈಗ್ಯಾಕೆ ಆಗಲ್ಲ? ಮೂರು. ಎಳ್ಕೋ ಕಣಯ್ಯ!

ನೋಡ್ತಾನೇ ಇದ್ದೆ ನಾನು. ಕೈ ನೋಡೋನು ನಾನು.

ನೋಡ್ಬೇಡ ನನ್ನ ಹಾಗೆ! ಹೌದಪ್ಪ, ಉಸಿರಿನ ಮದ್ದು ಅಂತ ಗೊತ್ತಿತ್ತು. ಕಿವಿ ಕೆರ್ಕೊಂಡ್ರೆ 'ಏನಿಲ್ಲ, ಕೂತ್ಕೋ' ಅಂತ ಅರ್ಥ, ಅದೂ ಗೊತ್ತಿತ್ತು. ಇಷ್ಟಾಗುತ್ತೆ ಅಂತ... ಇಳಿದ ತಕ್ಷಣ ಕೊಡೋಣ ಅಂತಲೇ ಇದ್ದೆ. ಅಲ್ಲೀವರೆಗೆ ಸ್ವಲ್ಪ... ಸ್ವಲ್ಪ ನಗು ಇಳೀಲಿ ಅಂತ.

ನಾಲ್ಕು. ನಾಲ್ಕು ಒತ್ತಿದೆ. ಎಲ್ಲ ಬಾಯಿಂದ ಹೊರಗೇ ಬರ್ತಿದೆ, ಹೊಗೆ ಹಾಗೆ. ಸಾರ್. ಸಾರ್, ನಗಿ. ನಗಿ ಸಾರ್, ನಾನು ಏನೂ ಅನ್ನಲ್ಲ. ಸಿಂಹಾಸನ ಅನ್ನಿ. ಕುರ್ಚೀಲಿ ಕೂರೋನು ಅನ್ನಿ. ಒಂದು ಸಲ ಆ ಸೀಟಿ ಊದಿ...

ಪರದೆ ಸರಿಸ್ಬೇಡಮ್ಮಾ! ಅಲ್ಲೇ ನಿಲ್ಲು. ಹೋಗಿ ಬೆಲ್ಟು ಹಾಕ್ಕೊಂಡು ಕೂತ್ಕೋ, ಇಳೀತಿದ್ದೀವಿ.

...ಏನಾಗುತ್ತೆ? ಮಲಗಿದ್ದಾನೆ.

ಏನೂ ಆಗ್ಲಿಲ್ಲ ತಾಯಿ. ಏನೂ ಆಗ್ಲಿಲ್ಲ.